ಜಂಗು ಹಿಡಿದ ನಾಲ್ಕು ಟೊಪ್ಪಿಗೆಗಳು

ದೇಸಾಯರ ವಾಡೆಯಿಂದ ಕರೆ ಬಂದಾಗ ನಾನು ಮೂಡಲಗಿ ಸಂತೆಯಲ್ಲಿ ಕೂತು ಕ್ಷೌರದ ಕತ್ತಿ ಮಸೆಯುತ್ತಿದ್ದೆ. ನಾವು ಗೋಕಾಕದ ಶಿಕಲಗಾರರು, ಮುಸಲ್ಮಾನರು. ನಮ್ಮಜ್ಜನ ಕಾಲಕ್ಕೆ ಯುದ್ಧದ ಕತ್ತಿ, ಗುರಾಣಿಗಳಿಗೆ ಹೊಳಪು ಕೊಡುವುದು ಮನೆಯ ಕಸುಬಾಗಿತ್ತು. ನನ್ನ ಕಾಲಕ್ಕೆ ಉಳಿದದ್ದು ಕತ್ತರಿ, ಕುಡಗೋಲು, ಅಡಕೊತ್ತು. ಹಾಗಾಗಿ ವಾಡೆಯ ಕಾರಕೂನ ಬಂದು ನಿಂತು, "ಹಳೇ ಕಾಲದ ಉಕ್ಕಿನ ಟೊಪಗಿ ಅದಾವು, ನಾಕು. ಜಂಗ ತಿಂದಾವು. ಹೊಳಸ್ತಿಯೇನು?" ಎಂದು ಕೇಳಿದಾಗ ನನ್ನ ಎದೆ ಉಬ್ಬಿತು. ತುಕ್ಕು ಹಿಡಿದರೇನು, ದಂಡಿನವರು ತಲೆಗೆ ಹಾಕಿಕೊಳ್ಳುತ್ತಿದ್ದ ಟೊಪ್ಪಿಗೆ! ನಮ್ಮ ಅಬ್ಬಾ, ಅಂದರೆ ಅಪ್ಪ, ಸತ್ತ ಮೇಲೆ ಅಂಥ ಕೆಲಸ ನನ್ನ ಕೈಗೆ ಬಂದೇ ಇರಲಿಲ್ಲ. ಅರ್ಧ ಮಸೆದ ಕತ್ತಿಯನ್ನು ಅದರ ಒಡೆಯನ ಕೈಗೆ ಕೊಟ್ಟು, "ಉಳದದ್ದು ಮುಂದಿನ ಸಂತಿಗೆ" ಎಂದು ಎದ್ದೆ. ಅವನು ಬೈದ. ಬೈಯಲಿ ಎಂದುಕೊಂಡೆ.

ಎರಡನೆಯ ಮಹಾಯುದ್ಧ ನಡೆದಿದ್ದ ವರುಷಗಳವು. ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಲಿಯ ಹೊಗೆಯ ಮೇಲೆ ಓಡುತ್ತಿದ್ದವು. ಘಟಪ್ರಭೆಯ ಸ್ಟೇಷನ್ ದಾಟಿ ಧುಪದಾಳದ ಏರು ಬಂದ ಕೂಡಲೇ ನಾವೆಲ್ಲ ಇಳಿದು ನೂಕಿದೆವು. ಮುಂದೆ ಹುಕ್ಕೇರಿ ಕಡೆಯ ಆ ಹಳ್ಳಿಗೆ ಎತ್ತಿನ ಗಾಡಿ. ನಾನು ವಾಡೆ ಮುಟ್ಟಿದಾಗ ಮಹಾನವಮಿಗೆ ಇನ್ನೂ ಇಪ್ಪತ್ತು ದಿನ ಇದ್ದವು. ನವಮಿಯ ಖಂಡೇಪೂಜೆಯಲ್ಲಿ ವಾಡೆಯ ಆಯುಧಗಳನ್ನೆಲ್ಲ ಪಡಸಾಲೆಯಲ್ಲಿ ಸಾಲಾಗಿ ಇಟ್ಟು ಪೂಜೆ ಮಾಡುವುದು ಅಲ್ಲಿಯ ರೂಢಿ.

ದೇಸಾಯರು ನನ್ನನ್ನು ಆಯುಧದ ಕೋಣೆಗೆ ಕರೆದೊಯ್ದರು. "ಈ ಸಲ ಪೂಜಾ ನೋಡಾಕ ಕಲೆಕ್ಟರ ಸಾಹೇಬರು ಬರಾವರ ಅದಾರ. ನಾಕೂ ಟೊಪಗಿ ಕನ್ನಡಿ ಹಂಗ ಆಗಬೇಕು. ಸಾಹೇಬರಿಗೆ ತಮ್ಮ ಮಾರಿ ಕಾಣಬೇಕು."

"ಮಾರಿ ಅಷ್ಟ ಅಲ್ರಿ ಸರಕಾರ, ಮೀಸಿ ಎಣಸಬಹುದು" ಎಂದೆ. ನನ್ನ ಬಾಯಿಗೆ ಕಡಿವಾಣ ಇಲ್ಲ, ಆಗಲೂ ಇರಲಿಲ್ಲ.

ಮೂರು ಟೊಪ್ಪಿಗೆಗಳು ಗೂಟಕ್ಕೆ ತೂಗುತ್ತಿದ್ದವು. ಅವು ದೇಸಾಯರ ಹಿರಿಯರವು. ನಾಲ್ಕನೆಯದು ಬೇರೆ ಗೂಡಿನಲ್ಲಿ, ಕಂಬಳಿಯ ತುಂಡಿನಲ್ಲಿ ಸುತ್ತಿ ಇಟ್ಟದ್ದು. ಅದರ ಮೇಲೆ ಎಷ್ಟೋ ತಲೆಮಾರಿನ ಎಣ್ಣೆ ಮತ್ತು ಭಂಡಾರದ ಅರಿಷಿಣ ಜಂಗಿನ ಜೊತೆ ಕೂಡಿ ಗಟ್ಟಿ ಹೊಪ್ಪಳಿಕೆ ಆಗಿತ್ತು. ಕಾರಕೂನ ಹೇಳಿದ: "ಅದು ಹಾಲುಮತದ ಕುರುಬರ ಒಂದ ಮನಿದು. ಅವರ ಹಿರ್ಯಾ ಈ ವಾಡೇದ ಪಹರೆ ಮ್ಯಾಲೆ ಸತ್ತಾವ. ಟೊಪಗಿ ಇಲ್ಲೇ ಇರ್ತೈತಿ, ಆದ್ರ ಭಂಡಾರ ಹಚ್ಚೂ ಮಾನ ಅವರದು. ಈಗ ಆ ಮನ್ಯಾಗ ಒಬ್ಬಾಕಿ ಮುದುಕಿ ಅದಾಳ, ಮಗ ದಂಡಿನ್ಯಾಗ ಅದಾನ." ಅಷ್ಟೇ ಹೇಳಿದ. ನಾನೂ ಹೆಚ್ಚು ಕೇಳಲಿಲ್ಲ. ಕಬ್ಬಿಣದ ಬಗ್ಗೆ ನನಗೆ ಯಾರೂ ಹೇಳಬೇಕಾಗಿಲ್ಲ ಎಂಬ ಸೊಕ್ಕು ಇತ್ತಲ್ಲ.

ಹಿತ್ತಲಿನ ಬಾವಿಯ ಬದಿಗೆ ಕೆಲಸ ಹೂಡಿದೆ. ಮೊದಲನೆಯ ಟೊಪ್ಪಿಗೆಯನ್ನು ಹುಣಸೆಹಣ್ಣಿನ ನೀರಿನ ಗಡಿಗೆಯಲ್ಲಿ ಎರಡು ದಿನ ನೆನೆಸಿದೆ. ಮೂರನೆಯ ದಿನ ತೆಗೆದು, ಹುಳಿ ಉಳಿಯಬಾರದೆಂದು ಬೂದಿ ನೀರಿನಲ್ಲಿ ತೊಳೆದು, ಕೆಂಡದ ಮೇಲೆ ಹಿಡಿದು ಒಣಗಿಸಿದೆ. ಅರಿವೆಯಲ್ಲಿ ಸೋಸಿದ ಇಟ್ಟಂಗಿ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ತಿಕ್ಕುತ್ತ ಹೋದೆ. ಜಂಗು ಮೊದಲು ಕೆಂಪಾಗಿ, ಆಮೇಲೆ ಕಪ್ಪಾಗಿ ಇಳಿಯಿತು. ಕೊನೆಗೆ ನುಣುಪು ಕಲ್ಲಿನಿಂದ ಉಜ್ಜಿದಾಗ ಬೂದುಬಣ್ಣದ ಉಕ್ಕು ಕಣ್ಣು ತೆರೆಯಿತು. ದೇಸಾಯರು ಅದರಲ್ಲಿ ನಿಜವಾಗಿಯೂ ತಮ್ಮ ಮೀಸೆ ನೋಡಿಕೊಂಡರು. ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಎರಡನೆಯದರಲ್ಲಿ ಎಡವಿದೆ. ಅದೇ ಹುಳಿ, ಅದೇ ಬೂದಿ, ಅದೇ ಇಟ್ಟಂಗಿ ಪುಡಿ. ಅರ್ಧ ದಿನ ತಿಕ್ಕಿದ ಮೇಲೆ ಕೈಯಲ್ಲಿದ್ದ ಚಿಂದಿಯನ್ನು ಬಿಸಿಲಿಗೆ ಕೊಡವಿದಾಗ ಏನೋ ಬೆಳ್ಳಗೆ ಮಿಂಚಿತು. ಕೂದಲಿಗಿಂತ ತೆಳುವಾದ ಬೆಳ್ಳಿಯ ತಂತಿಯ ಚೂರುಗಳು. ಟೊಪ್ಪಿಗೆಯನ್ನು ತಿರುಗಿಸಿ ನೋಡಿದೆ. ಕಿವಿಯ ಮೇಲಿನ ಒಂದು ಮೂಲೆಯಲ್ಲಿ ಎರಡು ಎಲೆ, ಅರ್ಧ ಬಳ್ಳಿ ಉಳಿದಿದ್ದವು. ಇಡೀ ಟೊಪ್ಪಿಗೆಯ ಸುತ್ತ ಯಾರೋ ಬೆಳ್ಳಿಯ ಬಳ್ಳಿ ಕೂರಿಸಿದ್ದರು. ಜಂಗು ಉಬ್ಬಿ ಆ ತಂತಿಯನ್ನು ಮೇಲೆತ್ತಿ ಹಿಡಿದಿತ್ತು. ಜಂಗಿನ ಜೊತೆಗೆ ಅದನ್ನೂ ನಾನು ತಿಕ್ಕಿ ತೆಗೆದಿದ್ದೆ. ನೂರಾರು ವರುಷ ಉಳಿದದ್ದು ನನ್ನ ಕೈಯಲ್ಲಿ ಅರ್ಧ ದಿನದಲ್ಲಿ ಹೋಯಿತು. ಸಿಕ್ಕಷ್ಟು ಚೂರುಗಳನ್ನು ಒಂದು ಕಾಗದದಲ್ಲಿ ಮಡಿಸಿ ಅಂಗಿಯ ಕಿಸೆಗೆ ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ.

ಅಂದೇ ಕೆಲಸ ನಿಲ್ಲಿಸಬೇಕಾಗಿತ್ತು. ನಾನು ಮಾಡಿದ್ದೇನು? ಆ ಬೆಳ್ಳಿಯ ನೆನಪು ಬಾರದಿರಲಿ ಎಂದು ಗೂಡಿನಲ್ಲಿದ್ದ ನಾಲ್ಕನೆಯ ಟೊಪ್ಪಿಗೆಯನ್ನು ಕೈಗೆ ತೆಗೆದುಕೊಂಡೆ. ಬಡವರ ಟೊಪ್ಪಿಗೆ, ಇದರಲ್ಲಿ ಬೆಳ್ಳಿ ಇರಲಾರದು ಅಂತ.

ನಮ್ಮ ಮನೆಯ ಪದ್ಧತಿ ಒಂದಿದೆ: ಒಳಗಿನಿಂದ ಸುರು ಮಾಡುವುದು. ಹೊರಗಿನ ಮೈಗೆ ಕೈ ಹಾಕುವ ಮೊದಲು ಎಷ್ಟು ಉಕ್ಕು ಉಳಿದಿದೆ ಎಂದು ಒಳಗೆ ಕೆರೆದು ತಿಳಿದುಕೊಳ್ಳಬೇಕು. ಒಳಗೆ ಏನಾದರೂ ಹೆಚ್ಚುಕಡಿಮೆಯಾದರೆ ಯಾರಿಗೂ ಕಾಣುವುದಿಲ್ಲ. ಅಜ್ಜ ಹಾಗೆ ಮಾಡುತ್ತಿದ್ದ, ಅಬ್ಬಾ ಹಾಗೆ ಮಾಡುತ್ತಿದ್ದ. ನಾನೂ ಟೊಪ್ಪಿಗೆಯನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡು ಮೊಂಡು ಚಾಕುವಿನಿಂದ ಒಳಗಿನ ಹೊಪ್ಪಳಿಕೆಯನ್ನು ಕೆರೆದೆ. ಅರಿಷಿಣದ ಹೆಕ್ಕಳಿಕೆ ಚಕ್ಕೆ ಚಕ್ಕೆಯಾಗಿ ಉದುರಿತು. ಚಾಕುವಿನ ತುದಿಗೆ ಮೂರೋ ನಾಲ್ಕೋ ಕೂದಲು ಅಂಟಿಕೊಂಡು ಬಂದವು. ಫೂ ಎಂದು ಊದಿದೆ. ಕೆರೆದ ಪುಡಿಯನ್ನೆಲ್ಲ ಬುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಸುರಿದು ಬಂದೆ. ಆಮೇಲೆ ಉಗುರಿನಿಂದ ಬಡಿದು ನೋಡಿದರೆ ಉಕ್ಕಿನ ನಾದವೇ ಇಲ್ಲ. ಹಪ್ಪಳದಷ್ಟು ತೆಳು, ನೆತ್ತಿಯಲ್ಲಂತೂ ಬರೀ ಜಂಗೇ ನಿಂತಿತ್ತು. ಹೊರಗೆ ತಿಕ್ಕಿದರೆ ತೂತು ಬೀಳುವುದು ಖಂಡಿತ.

ಮರುದಿನ ಬೆಳಿಗ್ಗೆ ಮುದುಕಿ ಬಂದಳು. ಕೋಲೂರಿಕೊಂಡು, ನೆಲ ತಡಕುತ್ತ ಬಂದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

"ಶಿಕಲಗಾರ ನೀನ ಏನಪಾ? ನಮ್ಮ ಟೊಪಗಿ ತಗೊಂಡಿ ಅಂತ ಕೇಳಿದೆ. ಹೊರಗ ಏನ ಬೇಕಾದ್ದ ಮಾಡು. ಒಳಗ ಮಾತ್ರ ಕೈ ಹಚ್ಚಬ್ಯಾಡ ತಮ್ಮಾ."

ಕೈಯಲ್ಲಿದ್ದ ಚಾಕು ಕೆಳಗಿಟ್ಟೆ. "ಯಾಕ ಬೇ, ಒಳಗ ಏನೈತಿ?"

ಆಕೆ ಬಾವಿಯ ಕಟ್ಟೆಯ ಮೇಲೆ ಕೂತು ನಿಧಾನವಾಗಿ ಹೇಳಿದಳು. "ನಮ್ಮ ಮನಿ ಗಂಡಸ ದಂಡಿಗೆ ಹೋಗೂ ಮುಂದ ತಲಿಗೆ ಎಣ್ಣಿ ಹಚಗೊಂಡು ಇದನ್ನ ಒಮ್ಮೆ ಹಾಕ್ಕೋತಾನ. ತಾಯಿ ಆದಾಕಿ ಒಳಗ ಹಸಿ ಭಂಡಾರ ಮೆತ್ತಿರ್ತಾಳ. ತಗಿಯೂ ಮುಂದ ನಾಕ ಕೂದಲಾ ಅದಕ್ಕ ಹತ್ತಿಕೊಂಡು ಉಳೀತಾವು. ಹೋದಾಂವ ತಿರುಗಿ ಬಂದು ತನ್ನ ಕೈಲೆ ಅವನ್ನ ಬಿಡಿಸಿ ಬೀರಪ್ಪನ ಮುಂದ ಇಡಬೇಕು. ಅವು ಇರೂತನ ಅಂವಗ ಮನಿ ದಾರಿ ತಪ್ಪೂದಿಲ್ಲ. ನನ್ನ ಮಗಾನೂ ಹಾಕ್ಕೊಂಡ. ಯವ್ವಾ, ನಿನ್ನ ಭಂಡಾರದಾಗ ನನ್ನ ತಲಿ ಸಿಗಬಿತ್ತು ಅಂತ ನಕ್ಕ. ಈಗ ಬ್ರಹ್ಮದೇಶದ ಅಡಿವ್ಯಾಗ ಅದಾನಂತ. ಎಂಟ ತಿಂಗಳಾತು, ಟಪಾಲ ಇಲ್ಲ."

ಆಕೆ ಕೈ ಚಾಚಿದಳು. "ಕೊಡು, ಒಮ್ಮೆ ಮುಟ್ಟಿ ನೋಡ್ತೇನಿ."

"ಒಳಗ ಮೇಣ ಹಚ್ಚೇನಿ ಬೇ. ಹಸಿ ಐತಿ. ನಾಕ ದಿನ ಬಿಟ್ಟ ಬಾ." ಯೋಚಿಸುವ ಮೊದಲೇ ಸುಳ್ಳು ಬಾಯಿಂದ ಹೊರಗೆ ಬಿದ್ದಿತ್ತು. ಆಕೆ ನಂಬಿದಳು. "ಮೇಣ ಹಚ್ಚಿದ್ರ ಛಲೋ ಆತು, ಗಟ್ಟಿ ಕೂಡ್ತಾವು" ಎಂದು ಎದ್ದು ಹೋದಳು.

ಆಕೆ ಕಣ್ಮರೆಯಾದದ್ದೇ ತಡ, ತಿಪ್ಪೆಗೆ ಓಡಿದೆ. ವಾಡೆಯ ಅಡುಗೆಯವಳಿಂದ ಜರಡಿ ಇಸಿದುಕೊಂಡು ಬಂದು ಮಂಡಿಯೂರಿ ಕೂತೆ. ಹಿಂದಿನ ಸಂಜೆ ಗಾಳಿ ಬೀಸಿತ್ತು. ಬೆಳಿಗ್ಗೆ ಅದರ ಮೇಲೆ ಎರಡು ಬುಟ್ಟಿ ಸಗಣಿ, ಕೊಟ್ಟಿಗೆಯ ಕಸ ಬಿದ್ದಿತ್ತು. ಅರಿಷಿಣದ ಚಕ್ಕೆಗಳು ಸಿಕ್ಕವು, ಜಂಗಿನ ಪುಡಿ ಸಿಕ್ಕಿತು. ಒಂದು ಕೂದಲು ಸಿಕ್ಕಿತೆಂದು ಬಿಸಿಲಿಗೆ ಹಿಡಿದು ನೋಡಿದರೆ ಆಡಿನದು. ಹೊತ್ತು ನೆತ್ತಿಗೆ ಬರುವ ತನಕ ಜರಡಿ ಹಿಡಿದೆ. ಊದಿ ಹಾರಿಸಿದ ಕೂದಲು ಎಲ್ಲಿ ಸಿಕ್ಕೀತು? ಆದರೂ ಕೈ ನಿಲ್ಲಲಿಲ್ಲ. ನನ್ನ ಉಸಿರನ್ನೇ ಬೈದುಕೊಂಡೆ.

"ಏನೋ ಶಿಕಲಗಾರ, ತಿಪ್ಪಿ ಕೆದರಾಕ ಕರೆಸೇನೇನ ನಿನ್ನ?" ಹಿಂದೆ ದೇಸಾಯರು ನಿಂತಿದ್ದರು.

ನಾನು ಎದ್ದು ಕೈ ಒರೆಸಿಕೊಂಡು ಕಿಸೆಯಿಂದ ಕಾಗದ ತೆಗೆದು ಬಿಚ್ಚಿದೆ. "ಸರಕಾರ, ಇದು ಎರಡನೇ ಟೊಪಗ್ಯಾಗ ಇದ್ದ ಬೆಳ್ಳಿ. ಜಂಗಿನ ಸಂಗಾಟ ನಾನ ತಿಕ್ಕಿ ತಗದೇನಿ. ತಪ್ಪಾತ್ರಿ."

ದೇಸಾಯರು ಚೂರುಗಳನ್ನು ಬೆರಳಿನಿಂದ ಸರಿಸಿ ನೋಡಿದರು. ಅವರು ಗದರುತ್ತಾರೆಂದು ಕಾದೆ. ಗದರಲಿಲ್ಲ. "ತಿರುಗಿ ಹಚ್ಚಾಕ ಬರ್ತೈತೇನು?" ಎಂದರು.

"ಹೊಸಾ ಬೆಳ್ಳಿ ಹಚ್ಚಬಹುದ್ರಿ. ಆದ್ರ ಅದು ನನ್ನ ಕೆಲಸ ಆಗ್ತೈತಿ, ನಿಮ್ಮ ಹಿರ್ಯಾರದ ಆಗೂದಿಲ್ಲ. ಹೋದದ್ದು ಹೋತ್ರಿ."

"ಉಳದ ಎರಡು?"

"ಅವನ್ನ ನಾ ತಿಕ್ಕೂದಿಲ್ರಿ. ಇದ್ದ ಜಂಗನ್ನ ಇದ್ದಲ್ಲೇ ನಿಲ್ಲಸ್ತೇನಿ, ಮುಂದ ತಿನ್ನಬಾರದು ಹಂಗ ಎಣ್ಣಿ, ಮೇಣ ಹಾಕ್ತೇನಿ. ಹೊಳಿಯೂದಿಲ್ಲ. ಆದ್ರ ಇರ್ತಾವು."

"ಮತ್ತ ಸಾಹೇಬರಿಗೆ ಏನ ತೋರಸ್ಲಿ, ಹಳೇ ಹಂಚೇನು?" ಅವರ ದನಿ ಏರಿತು.

"ಬೇಕಾದ್ರ ಬ್ಯಾರೆ ಯಾರನರೆ ಕರಸ್ರಿ. ನಾ ಅಂತೂ ಮುಟ್ಟೂದಿಲ್ಲ." ಹೊಳಪು ಕೊಡುವುದಿಲ್ಲ ಎನ್ನುವ ಶಿಕಲಗಾರನನ್ನು ನಮ್ಮ ವಂಶದಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಅಬ್ಬಾ ಇದ್ದಿದ್ದರೆ ನನ್ನ ಮುಖ ನೋಡುತ್ತಿರಲಿಲ್ಲ. ದೇಸಾಯರು ಕಾಗದವನ್ನು ಮಡಿಸಿ ತಮ್ಮ ಕೈಯಲ್ಲೇ ಇಟ್ಟುಕೊಂಡರು. "ಆತು, ಹಂಗ ಮಾಡು" ಎಂದು ಒಳಗೆ ಹೋದರು.

ಬೆಳ್ಳಿಯ ತಪ್ಪನ್ನು ಒಪ್ಪಿಕೊಂಡೆ, ಕೂದಲಿನ ತಪ್ಪನ್ನು ನುಂಗಿದೆ. ಇಂದಿಗೂ ಅದು ನನಗೆ ನಾಚಿಕೆಯ ಮಾತು. ದೇಸಾಯರ ಸಿಟ್ಟಿಗೆ ನಾನು ಹೆದರುವವನಲ್ಲ. ಪೊರೆ ಬಂದ ಆ ಎರಡು ಕಣ್ಣಿಗೆ ಹೆದರಿದೆ.

ಆ ನಾಲ್ಕು ದಿನ ಮಾಡಿದಷ್ಟು ಎಚ್ಚರದ ಕೆಲಸ ನಾನು ಬೇರೆಂದೂ ಮಾಡಿಲ್ಲ. ನೀರು ಮುಟ್ಟಿಸಲಿಲ್ಲ. ತೆಂಗಿನ ನಾರಿನಿಂದ ಸಡಿಲವಾದ ಪುಡಿಯನ್ನಷ್ಟೇ ಉದುರಿಸಿದೆ. ಕುಸುಬಿ ಎಣ್ಣೆಯನ್ನು ಸಣ್ಣ ಉರಿಯಲ್ಲಿ ಇಡೀ ದಿನ ಕಾಯಿಸಿದೆ. ಬೆರಳಿನ ನಡುವೆ ಹಿಡಿದರೆ ಬೆಲ್ಲದ ಪಾಕದಂತೆ ಎಳೆ ಬರಬೇಕು, ಅಲ್ಲಿಯ ತನಕ ಇಳಿಸಬಾರದು. ಕುಸುಬಿ ಎಣ್ಣೆ ಹಾಗೆ ಕಾದರೆ ಒಣಗಿ ಗಟ್ಟಿ ಪೊರೆಯಾಗಿ ಕೂಡುತ್ತದೆ, ಉಳಿದ ಎಣ್ಣೆಗಳಿಗೆ ಆ ಗುಣ ಇಲ್ಲ. ಟೊಪ್ಪಿಗೆಯನ್ನು ಬಿಸಿಲಿನ ಬಂಡೆಯ ಮೇಲೆ ಕಾಯಿಸಿ, ಅರಿವೆಯಿಂದ ಎಣ್ಣೆ ತೋಯಿಸಿ, ಹೆಚ್ಚಾದದ್ದನ್ನು ಒರೆಸಿ, ಮರುದಿನ ಮತ್ತೆ ಹಾಗೇ. ಮೂರನೆಯ ಕೈಗೆ ಎಣ್ಣೆಯಲ್ಲಿ ಜೇನುಮೇಣ ಕರಗಿಸಿದೆ. ನೆತ್ತಿಯ ಸೀಳುಗಳಿಗೆ ಮೇಣವನ್ನು ಸೂಜಿಯ ತುದಿಯಿಂದ ಇಳಿಸಿದೆ. ಜಂಗು ಕಂದುಬಣ್ಣಕ್ಕೆ ತಿರುಗಿ, ಕೈಗೆ ಪುಡಿ ಹತ್ತದಂತೆ ಗಟ್ಟಿಯಾಗಿ ನಿಂತಿತು.

ನಾಲ್ಕನೆಯ ದಿನ ಮಧ್ಯಾಹ್ನ ವಾಡೆಯವರೆಲ್ಲ ಉಂಡು ಅಡ್ಡಾಗಿದ್ದರು. ನಾನು ಟೊಪ್ಪಿಗೆಯ ಒಳಗೆ ಬೆಚ್ಚಗಿನ ಮೇಣ ಸವರಿದೆ. ಆಮೇಲೆ ನನ್ನ ಕಿವಿಯ ಮೇಲಿನಿಂದ ಮೂರು ಕಪ್ಪು ಕೂದಲು ಕಿತ್ತೆ. ಮೇಣದಲ್ಲಿ ಒತ್ತಿ, ಮೇಲೆ ಚಿಟಿಕೆ ಭಂಡಾರ ಉದುರಿಸಿದೆ. ಹೋದದ್ದನ್ನು ತಿರುಗಿ ಹಚ್ಚಲು ಬರುವುದಿಲ್ಲ ಎಂದು ದೊಡ್ಡ ಮಾತು ಆಡಿದವನು ನಾನೇ. ಆಕೆಗೆ ಮಗನ ದಾರಿ ಕಾಯುವುದೊಂದೇ ಉಳಿದಿದೆ, ಅದನ್ನು ಕಿತ್ತುಕೊಳ್ಳುವುದು ಬೇಡ ಎಂದು ನನಗೆ ನಾನೇ ಹೇಳಿಕೊಂಡೆ.

ಸಂಜೆಗೆ ಮುದುಕಿ ಬಂದಳು. ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಒಳಗೆ ಕೈ ಹಾಕಿದಳು. ಬೆರಳುಗಳು ಬಹಳ ಹೊತ್ತು ಒಳಗೇ ಓಡಾಡಿದವು. ನಾನು ನೋಡುತ್ತಿದ್ದೆ.

"ಅದಾವಪಾ" ಎಂದಳು. ಆಮೇಲೆ ಹೊರಮೈ ಸವರಿ, "ಹೊರಗ ಹೊಳೀಲಿಲ್ಲಲ್ಲ?" ಎಂದು ಕೇಳಿದಳು.

"ಹೊಳಸಿದ್ರ ತೂತ ಬೀಳ್ತಿತ್ತು ಬೇ. ಹಿಂಗ ಬಿಟ್ರ ನಿನ್ನ ಮೊಮ್ಮಕ್ಕಳ ಕಾಲತನ ಇರ್ತೈತಿ."

ಯಾಕಾದರೂ ಮೊಮ್ಮಕ್ಕಳ ಹೆಸರು ಎತ್ತಿದೆನೋ! ಆಕೆ ಟೊಪ್ಪಿಗೆಯನ್ನು ಕಂಬಳಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು ಹೋದಳು.

ನವಮಿಯ ದಿನ ಪಡಸಾಲೆಯಲ್ಲಿ ಎರಡು ಹೊಳೆಯುವ ಟೊಪ್ಪಿಗೆ, ಎರಡು ಕಂದು ಟೊಪ್ಪಿಗೆ ಸಾಲಾಗಿ ಕೂತವು. ಸಾಹೇಬರು ಬರಲೇ ಇಲ್ಲ. ದಂಡಿನ ಕೆಲಸ ಬಂದಿದೆ ಎಂದು ಚೀಟಿ ಕಳಿಸಿದರು. ನಾನು ಗೋಕಾಕಕ್ಕೆ ಮರಳಿ ಮತ್ತೆ ಕತ್ತರಿ, ಕುಡಗೋಲು ಹಿಡಿದೆ.

ಯುದ್ಧ ಮುಗಿಯಿತು. ಒಂದು ದಿನ ಕಲ್ಲೋಳಿಯಲ್ಲಿ ಸಾಣೆ ಹಿಡಿಯುತ್ತಿದ್ದಾಗ ಅದೇ ಕಾರಕೂನ ಹುಡುಕಿಕೊಂಡು ಬಂದ. ಮುದುಕಿಯ ಮನೆಗೆ ಸರಕಾರದ ಕಾಗದ ಬಂದಿತ್ತು. ಸಾಲಿಯ ಮಾಸ್ತರರು ಓದಿ ಹೇಳಿದ್ದರು: ಕಾಣೆಯಾಗಿದ್ದ ಮಗ ಬ್ರಹ್ಮದೇಶದಲ್ಲಿ ಸತ್ತನೆಂದು ತಿಳಿಯಬೇಕು, ದೇಹ ಸಿಕ್ಕಿಲ್ಲ. ಕಾರಕೂನ ಹೇಳಿದ: "ಹಿರ್ಯಾರೆಲ್ಲಾ ಕೂಡಿ ಮಾತಾಡ್ಯಾರ. ಹೆಣಾ ಇಲ್ಲ. ಟೊಪಗ್ಯಾಗ ಅವನ ಕೂದಲಾ ಅದಾವಲ್ಲ, ಅವಕ್ಕ ಮಣ್ಣ ಕೊಡೂದಂತ. ಟೊಪಗಿ ಒಡಿಯದಂಗ ಬಿಡಸಾಕ ನೀನ ಬೇಕು."

ದಾರಿಯುದ್ದಕ್ಕೂ, ಹೋದ ಕೂಡಲೇ ಖರೆ ಹೇಳಿಬಿಡುತ್ತೇನೆ ಎಂದುಕೊಂಡೆ. ಹೋಗಿ ನೋಡಿದರೆ ವಾಡೆಯ ಅಂಗಳದ ತುಂಬ ಮಂದಿ. ನಡುವೆ ಕಂಬಳಿ ಹಾಸಿ ಟೊಪ್ಪಿಗೆ ಇಟ್ಟಿದ್ದರು. ನನ್ನ ಕಣ್ಣು ಮೊದಲು ಹೋದದ್ದು ಅದರ ನೆತ್ತಿಗೆ. ಒಂದು ಚಕ್ಕೆ ಕೂಡ ಉದುರಿರಲಿಲ್ಲ. ಅಂಥ ಹೊತ್ತಿನಲ್ಲೂ ಕೆಲಸ ಗಟ್ಟಿಯಾಗಿ ನಿಂತಿದೆ ಎಂದು ಮನಸ್ಸು ಹಿಗ್ಗಿತು. ಎಂಥ ಹೊಲಸು ಮನಸ್ಸು ನನ್ನದು! ಮುದುಕಿ ಟೊಪ್ಪಿಗೆಯ ಬದಿಗೆ ಕೂತಿದ್ದಳು. ಅಳುತ್ತಿರಲಿಲ್ಲ.

ಬಾಯಿ ತೆರೆಯಲಾಗಲಿಲ್ಲ. ಸೂಜಿಯನ್ನು ಕೆಂಡಕ್ಕೆ ಹಿಡಿದು, ಅದರ ಬಿಸಿಯಿಂದ ಮೇಣವನ್ನು ಮೆತ್ತಗೆ ಮಾಡಿ, ಒಂದೊಂದೇ ಕೂದಲನ್ನು ಬಿಡಿಸಿದೆ. ನನ್ನವೇ ಮೂರು ಕೂದಲು. ಬಿಳಿ ಅರಿವೆಯ ಮೇಲೆ ಇಟ್ಟೆ. ಹೆಂಗಸರು ಹೋ ಎಂದು ಅತ್ತರು. ಒಬ್ಬಾಕೆ ಆ ಕೂದಲಿಗೆ ಸತ್ತವನ ಹೆಸರಿಟ್ಟು ಕರೆದಳು, "ಬಂದೆಪಾ ಮನಿಗೆ" ಎಂದಳು. ನಾನು ತಲೆ ಮೇಲೆತ್ತಲಿಲ್ಲ.

ಊರ ಹೊರಗೆ ಅವರ ಮಣ್ಣಿನ ಜಾಗದಲ್ಲಿ ಮೊಳದಷ್ಟು ಕುಣಿ ತೋಡಿದ್ದರು. ಅರಿವೆಯ ಗಂಟನ್ನು ಇಳಿಸಿ ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು. ನಮ್ಮಲ್ಲೂ ಹಾಗೇ. ನಾನೂ ಹಾಕಿದೆ. ಬದುಕಿದ್ದಾಗಲೇ ತನ್ನ ಕೂದಲಿಗೆ ತಾನೇ ಮಣ್ಣು ಹಾಕಿದವನು ನಾನೊಬ್ಬನೇ ಇದ್ದೇನು. ಪರಜಾತಿಯವನ ಕೂದಲೆಂದು ಗೊತ್ತಾದರೆ ಇವರು ಏನು ಮಾಡಿಯಾರು ಎಂಬ ಹೆದರಿಕೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮಂದಿ ಊರ ಕಡೆ ಹೊರಟರು. ಮುದುಕಿ, "ಶಿಕಲಗಾರ ತಮ್ಮನ್ನ ನಿಲ್ಲಸ್ರಿ" ಎಂದಳು. ನಾನು ಹತ್ತಿರ ಹೋಗಿ ಬಾಗಿದೆ. ಆಕೆ ನನ್ನ ತಲೆಯ ಮೇಲೆ ಕೈ ಇಟ್ಟು ಕೂದಲಲ್ಲಿ ಬೆರಳಾಡಿಸಿದಳು.

"ನಿನ್ನ ಕೂದಲಾ ನೆಟ್ಟಗ ಅದಾವು" ಎಂದಳು. "ನನ್ನ ಮಗನ್ವು ಗುಂಗರಾ. ಬೆರಳಿಗೆ ಸುತ್ತಗೊಂತಿದ್ದುವು."

ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ. "ಬೇ... ಯಾವಾಗ ಗೊತ್ತಾತು?"

"ಒಳಗ ಕೈ ಹಾಕಿದ ದಿನಾನ ಗೊತ್ತಾತು. ಅವು ಹ್ವಾದವು ಅಂದಮ್ಯಾಲೆ ಅಂವಾ ಎಲ್ಲಿ ಬರ್ತಾನ? ಅವತ್ತ ಮನಿಗೆ ಹೋಗಿ ಬಾಗಲಾ ಹಾಕ್ಕೊಂಡ ಅತ್ತು ಮುಗಿಸೇನಿ. ಕಾಗದ ಈಗ ಬಂತು, ಅಷ್ಟ."

"ಮತ್ಯಾಕ ಅದಾವು ಅಂದಿ ಬೇ? ನನ್ನ ಯಾಕ ಬೈಲಿಲ್ಲ? ಈಗರೆ ಬೈ, ಹೊಡಿ ನನ್ನ."

"ಬೈದ್ರ ಬರ್ತಾನೇನು?" ಆಕೆ ಕೋಲಿನಿಂದ ಹೊಸ ಮಣ್ಣನ್ನು ತಡಕಿ ಅದರ ಅಂಚು ಕಂಡುಕೊಂಡಳು. "ಇವತ್ತ ಇಡಾಕ ಏನರೆ ಬೇಕಿತ್ತು ತಮ್ಮಾ. ಮಂದಿ ಮುಂದ ಖಾಲಿ ಕುಣಿ ಮುಚ್ಚಾಕ ನನ್ನ ಕೈಲೆ ಆಗ್ತಿರಲಿಲ್ಲ."

ನಾನು ಮಗುವಿನಂತೆ ಅತ್ತೆ. ಆಕೆ ನಾನು ಮುಗಿಸುವ ತನಕ ಕಾದಳು. ಆಮೇಲೆ, "ಏಳು, ನನಗ ಕಣ್ಣ ಕಾಣೂದಿಲ್ಲ, ಮನಿತನ ಬಿಡು" ಎಂದು ಕೈ ಚಾಚಿದಳು. ನಾನು ಎದ್ದು ಆ ಕೈ ಹಿಡಿದುಕೊಂಡೆ. ನಮ್ಮಿಬ್ಬರ ಕೈಗೂ ಕುಣಿಯ ಮಣ್ಣು ಹತ್ತಿತ್ತು.